ನೀರು ಮುಗಿದಿತ್ತು, ಗುಳಿಗೆ ಮುಗಿದಿರಲಿಲ್ಲ

ಓಟದ ಸಂಘಟನಾ ಸಮಿತಿಯ ಮಾನ್ಯ ಅಧ್ಯಕ್ಷರೇ, ಮತ್ತು ಅವರ ಹೆಸರಿನಲ್ಲಿ ನನ್ನ ಮೂರು ಪತ್ರಗಳಿಗೂ ಒಂದೇ ಉತ್ತರ ಕಳಿಸಿದ ಕಂಪ್ಯೂಟರೇ,

ನಾನು ಅಭ್ಯಾಸವಿಲ್ಲದೆ ಓಡಲು ಬಂದು ಬಿದ್ದವಳಲ್ಲ. ಕಳೆದ ಫೆಬ್ರವರಿಯಲ್ಲಿ ನೀವು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ನಡೆಸಿದ ಇಪ್ಪತ್ತೊಂದು ಕಿಲೋಮೀಟರ್ ಓಟದ ವರದಿಯನ್ನು ಬಣ್ಣದ ಚಿತ್ರಗಳೊಂದಿಗೆ ಪ್ರಕಟಿಸಿದ್ದೀರಿ. ಅದರ ನಾಲ್ಕನೆಯ ಪುಟದಲ್ಲಿ, ಪ್ರಾಯೋಜಕರ ಜಾಹೀರಾತಿನ ಕೆಳಗೆ, ಹೀಗೊಂದು ಸಾಲಿದೆ: ‘ಅಭ್ಯಾಸದ ಕೊರತೆಯಿಂದ ವಯಸ್ಸಾದ ಗೃಹಿಣಿಯೊಬ್ಬರು ಅಸ್ವಸ್ಥಗೊಂಡದ್ದನ್ನು ಬಿಟ್ಟರೆ ಓಟವು ಸುಸೂತ್ರವಾಗಿ ನೆರವೇರಿತು.’ ಆ ಗೃಹಿಣಿ ನಾನೇ. ನನಗೆ ನಲವತ್ತೊಂಬತ್ತು. ಪಟಾನ್‌ಚೆರುವಿನ ಮಾತ್ರೆ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸದಲ್ಲಿದ್ದೇನೆ, ಈಗ ಅಲ್ಲಿಯ ಸೂಪರ್‌ವೈಸರ್. ಗೃಹಿಣಿಯ ಕೆಲಸವನ್ನೂ ಮಾಡುತ್ತೇನೆ, ಅದಕ್ಕೆ ಸಂಬಳವಿಲ್ಲ. ನನ್ನನ್ನು ಕೆಡವಿದ್ದು ಅಭ್ಯಾಸದ ಕೊರತೆಯಲ್ಲ, ನಾಲ್ಕು ನೋವಿನ ಗುಳಿಗೆಗಳು. ಎರಡನ್ನು ನಾನೇ ನುಂಗಿದ್ದೆ. ಉಳಿದೆರಡನ್ನು ನೀವು ಸ್ಟೀಲಿನ ತಟ್ಟೆಯಲ್ಲಿಟ್ಟು, ಮದುವೆ ಮನೆಯಲ್ಲಿ ಅರಿಸಿನ ಕುಂಕುಮ ಕೊಡುವ ಹಾಗೆ ಕೊಟ್ಟಿರಿ.

ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆಂದು ಕೇಳಬಹುದು. ಇಂಗ್ಲಿಷಿನಲ್ಲಿ ಎರಡು ಸಲ, ತೆಲುಗಿನಲ್ಲಿ ಒಂದು ಸಲ ಬರೆದಾಯಿತು. ಮೂರಕ್ಕೂ ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಉತ್ತರ ಬಂತು, ಜೊತೆಗೆ ಮುಂದಿನ ವರ್ಷದ ಓಟಕ್ಕೆ ಶೇಕಡ ಇಪ್ಪತ್ತರ ರಿಯಾಯಿತಿ. ನಿಮ್ಮ ಸಮಿತಿಯಲ್ಲಿ ನಮ್ಮ ಕಡೆಯವರು ಇಬ್ಬರಿದ್ದಾರೆಂದು ಕೇಳಿದ್ದೇನೆ. ಅವರು ಇದನ್ನು ಓದಿ ಹೇಳಲಿ. ಬೈದದ್ದನ್ನು ಬಿಟ್ಟು ಓದಬಾರದು.

ಅಭ್ಯಾಸದ ಮಾತನ್ನು ಮೊದಲು ಮುಗಿಸುತ್ತೇನೆ. ಕಾಚಿಗೂಡದ ನಮ್ಮ ಮನೆಯಿಂದ ವಿಶ್ವವಿದ್ಯಾಲಯದ ರಸ್ತೆಗಳು ದೂರವಿಲ್ಲ. ಬಿಪಿ ಶುರುವಾದ ವರ್ಷ ಅಲ್ಲಿ ನಡೆಯಲು ಹೋದವಳು ಕ್ರಮೇಣ ಓಡತೊಡಗಿದೆ. ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಹಿಂದೆ ಓಡುವುದನ್ನು ಬಿಟ್ಟರೆ ಅದುವರೆಗೆ ನಾನು ಯಾವುದರ ಹಿಂದೆಯೂ ಓಡಿದವಳಲ್ಲ. ಮೊದಲ ದಿನ ಇನ್ನೂರು ಹೆಜ್ಜೆಗೆ ಎದೆ ಬಾಯಿಗೆ ಬಂತು. ಹತ್ತು ತಿಂಗಳಾದ ಮೇಲೆ ಹದಿನೆಂಟು ಕಿಲೋಮೀಟರ್ ಓಡಿ ಬಂದು ಜೋಳದ ರೊಟ್ಟಿ ಬಡಿದು, ಏಳೂವರೆಯ ಕಾರ್ಖಾನೆ ಬಸ್ಸು ಹಿಡಿದಿದ್ದೇನೆ. ಪ್ರತಿ ಓಟಕ್ಕೂ ಒಂದು ಸಾಲು ಬರೆದಿಟ್ಟಿದ್ದೇನೆ: ತಾರೀಖು, ದೂರ, ವೇಳೆ, ಕಾಲಿನ ಸ್ಥಿತಿ. ಕಾರ್ಖಾನೆಯ ಚಟ. ಒಟ್ಟು ನೂರ ನಲವತ್ತೊಂದು ಸಾಲು. ಕೊನೆಯ ಒಂಬತ್ತರಲ್ಲಿ ಕಾಲಿನ ಸ್ಥಿತಿ ಎಂಬಲ್ಲಿ ‘ಬಲಗಾಲು ನೋವು’ ಎಂದಿದೆ.

ಆ ನೋವು ಮಂಡಿಯ ಕೆಳಗೆ, ಎಲುಬಿನ ಮೇಲೆ, ಬೆರಳಿಟ್ಟರೆ ಇಲ್ಲೇ ಎಂದು ತೋರಿಸುವಷ್ಟು ಖಚಿತವಾಗಿತ್ತು. ಓಟಕ್ಕೆ ಹದಿನೈದು ದಿನ ಉಳಿದಿತ್ತು. ನಮ್ಮ ಓಟದ ಗುಂಪಿನಲ್ಲಿ ಸೂರ್ಯಕಾಂತ ಅಂತ ಒಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಒಂಬತ್ತು ಪದಕಗಳ ಒಡೆಯರು, ಯಾರೂ ಕೇಳದಿದ್ದರೂ ಸಲಹೆ ಕೊಡುವವರು. ಅವರಿಗೆ ಕಾಲು ತೋರಿಸಿದೆ.

‘ಅಕ್ಕಾರ, ಇದಕ್ಯಾಕ ಹೆದರ್ತೀರಿ? ಓಡೂದಕ್ಕ ಅರ್ಧಾ ತಾಸು ಮೊದಲ ಎರಡು ಗುಳಿಗಿ ನುಂಗ್ರಿ. ನೋವು ಬರೂದs ಇಲ್ಲ. ನಾ ನಾಕು ವರ್ಷದಿಂದ ಹಂಗs ಮಾಡಾಕತ್ತೀನಿ,’ ಅಂದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಗುರುಬಸವ ಅವರು ಸ್ಟೇಷನ್ನಿನ ಎದುರು ನೋಟುಬುಕ್ಕು ಪೆನ್ನುಗಳ ಅಂಗಡಿ ಇಟ್ಟಿದ್ದಾರೆ. ಜೀವನದಲ್ಲಿ ಒಮ್ಮೆಯೂ ಓಡಿದವರಲ್ಲ. ರೈಲು ತಪ್ಪಿದರೆ ಮುಂದಿನ ರೈಲಿಗೆ ಹೋಗುವವರು.

‘ಕಾಲು ಏನೋ ಹೇಳಾಕತ್ತೈತಿ,’ ಅಂದರು. ‘ನೀ ಅದರ ಬಾಯಾಗ ಬಟ್ಟಿ ತುರಕ್ತೀನಿ ಅಂತೀಯಲ್ಲ.’

‘ನಿಮಗೇನ್ ಗೊತ್ತೈತ್ರಿ ಓಟದ್ದು?’ ಅಂದೆ. ಇಪ್ಪತ್ತಾರು ವರ್ಷದಲ್ಲಿ ಅವರು ಮಾತಿನಲ್ಲಿ ಗೆದ್ದ ದಿನಗಳು ಕಡಿಮೆ. ಗೆಲ್ಲಬೇಕಿದ್ದ ಆ ಒಂದು ದಿನವೂ ನಾನೇ ಗೆದ್ದೆ. ಹದಿನೈದು ದಿನ ಗುಳಿಗೆ ನುಂಗಿ ಓಡಿದೆ. ಓಡುವಷ್ಟು ಹೊತ್ತು ನೋವು ನಿಜವಾಗಿಯೂ ಮಾಯವಾಯಿತು. ಸೂರ್ಯಕಾಂತರಿಗೆ ಹಣ್ಣು ಕೊಟ್ಟು ಬಂದೆ.

ಅಧ್ಯಕ್ಷರೇ, ಇನ್ನು ನಿಮ್ಮ ಸರದಿ. ನೋಂದಣಿ ಫಾರಂನಲ್ಲಿ ನೀವು ನನ್ನ ಟೀ ಶರ್ಟಿನ ಅಳತೆ ಕೇಳಿದಿರಿ. ಕಾಲರ್ ಬೇಕೋ ಬೇಡವೋ ಕೇಳಿದಿರಿ. ಓಡುವಾಗ ಯಾವ ಬಗೆಯ ಹಾಡು ಇಷ್ಟ ಎಂದು ಕೇಳಿದಿರಿ. ದಿನವೂ ಯಾವುದಾದರೂ ಔಷಧ ತೆಗೆದುಕೊಳ್ಳುತ್ತೀರಾ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಬಿಪಿ ಮಾತ್ರೆಯ ಹೆಸರು ಬರೆಯುತ್ತಿದ್ದೆ. ನಿಮ್ಮಲ್ಲಿ ಯಾರಾದರೂ ವೈದ್ಯರಿದ್ದಿದ್ದರೆ, ‘ತಾಯಿ, ಇದರ ಜೊತೆ ನೋವಿನ ಗುಳಿಗೆ ಬೇಡ’ ಎನ್ನುತ್ತಿದ್ದರೋ ಏನೋ. ನನ್ನ ಮೂತ್ರಪಿಂಡಕ್ಕಿಂತ ನನ್ನ ಕಾಲರ್ ನಿಮಗೆ ಮುಖ್ಯವಾಯಿತು.

ಓಟ ಐದು ಗಂಟೆಗೆ ಎಂದಿದ್ದಿರಿ. ನಾಲ್ಕೂವರೆಗೆ, ಬರೀ ಚಹಾದ ಮೇಲೆ, ಎರಡು ಗುಳಿಗೆ ನುಂಗಿ ಸಾಲಿನಲ್ಲಿ ನಿಂತೆ. ಮುಖ್ಯ ಅತಿಥಿಗಳು ಬಂದದ್ದು ಆರೂಕಾಲಿಗೆ. ಅವರು ಬಂದು, ಆರೋಗ್ಯವೇ ಭಾಗ್ಯ ಎಂದು ಇಪ್ಪತ್ತು ನಿಮಿಷ ಹೇಳಿ, ಬಾವುಟ ಬೀಸಿ, ಕಾರು ಹತ್ತಿ ಹೋದರು. ಮೂರು ಸಾವಿರ ಜನ ಅಷ್ಟು ಹೊತ್ತು ನಿಂತಲ್ಲೇ ನಿಂತು ಕಾದರು. ಅತಿಥಿಗಳಿಗೆ ಓಡುವುದಿರಲಿಲ್ಲ, ಬಿಸಿಲೇರಿದರೆ ಅವರಿಗೇನು? ಫೆಬ್ರವರಿ ಕೊನೆಯ ಬಿಸಿಲು ಈ ಊರಿನಲ್ಲಿ ಎಂಟು ಗಂಟೆಗೇ ನೆತ್ತಿ ಮುಟ್ಟುತ್ತದೆಂದು ಹೈದರಾಬಾದಿನಲ್ಲಿ ಹುಟ್ಟಿದ ನಿಮಗೆ ನಾನು ಹೇಳಬೇಕೇ?

ಒಂಬತ್ತನೆಯ ಕಿಲೋಮೀಟರಿನಲ್ಲಿ ‘ನೋವು ನಿವಾರಣಾ ಕೇಂದ್ರ’ ಎಂಬ ನಿಮ್ಮ ಮೇಜು ಬಂತು. ಕಾಲು ಮತ್ತೆ ಚುಚ್ಚತೊಡಗಿತ್ತು. ಪ್ರಾಯೋಜಕರಾದ ಗುಳಿಗೆ ಕಂಪನಿಯ ಟೀ ಶರ್ಟು ತೊಟ್ಟ ನಡುವಯಸ್ಸಿನ ಗೃಹಸ್ಥರೊಬ್ಬರು ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ತಗಡಿನ ಪಟ್ಟಿಯಿಂದ ಎರಡೆರಡಾಗಿ ಕತ್ತರಿಸಿದ ಮಾತ್ರೆಗಳು.

‘ಬೆಳಿಗ್ಗೆ ಎರಡು ತಗೊಂಡಿದ್ದೇನೆ,’ ಎಂದು ತೆಲುಗಿನಲ್ಲಿ ಹೇಳಿದೆ.

‘ತೀಸ್ಕೋಂಡಿ ಮೇಡಂ, ಏಂ ಕಾದು,’ ಅಂದರು. ತಗೊಳ್ಳಿ, ಏನೂ ಆಗುವುದಿಲ್ಲ.

ಅವರು ವೈದ್ಯರೇ, ಅಂಗಡಿಯವರೇ, ದಾರಿಹೋಕರೇ, ನಾನು ಕೇಳಲಿಲ್ಲ. ತಪ್ಪು ನನ್ನದೂ ಹೌದು. ಆದರೆ ಸಮಿತಿಯ ಮೇಜು, ಸಮಿತಿಯ ಫಲಕ, ಸಮಿತಿಯ ತಟ್ಟೆ. ದೇವಸ್ಥಾನದಲ್ಲಿ ಕೊಟ್ಟ ತೀರ್ಥದಲ್ಲಿ ಏನಿದೆ ಎಂದು ಯಾರಾದರೂ ಕೇಳುತ್ತಾರೆಯೇ? ನುಂಗಿದೆ.

ಹದಿನಾಲ್ಕನೆಯ ಕಿಲೋಮೀಟರಿನ ನೀರಿನ ಮೇಜಿಗೆ ಬಂದರೆ ನೀರು ಮುಗಿದಿತ್ತು. ಖಾಲಿ ಡಬ್ಬಿಗಳ ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳಲು ಒಂದು ಚೌಕಟ್ಟು ಇತ್ತು, ‘ನಾನು ಅಜೇಯ’ ಎಂದು ಬರೆದದ್ದು. ಅದರ ಪಕ್ಕದಲ್ಲಿ ಇನ್ನೊಂದು ತಟ್ಟೆ, ಅದರ ತುಂಬ ಗುಳಿಗೆ. ಅಧ್ಯಕ್ಷರೇ, ಮೂರು ಸಾವಿರ ಜನಕ್ಕೆ ನೀರು ಎಷ್ಟು ಬೇಕೆಂಬ ಲೆಕ್ಕ ತಪ್ಪಿದ ನಿಮಗೆ, ಗುಳಿಗೆಯ ಲೆಕ್ಕ ಮಾತ್ರ ಅಷ್ಟು ಸರಿಯಾಗಿ ಹೇಗೆ ಸಿಕ್ಕಿತು?

ಹದಿನೇಳಕ್ಕೆ ಹೊಟ್ಟೆಯಲ್ಲಿ ಉರಿ. ಹತ್ತೊಂಬತ್ತಕ್ಕೆ ವಾಂತಿ. ಕಾಲು ಮಾತ್ರ ನೋಯುತ್ತಿರಲಿಲ್ಲ, ಅದಕ್ಕೇ ನಿಲ್ಲಲೂ ಇಲ್ಲ. ಇಪ್ಪತ್ತನೆಯ ಕಿಲೋಮೀಟರಿನ ಹತ್ತಿರ, ಕಟ್ಟುತ್ತಿದ್ದ ಗಾಜಿನ ಕಟ್ಟಡವೊಂದರ ಎದುರು, ಬಲಗಾಲು ಒಣ ಕಡ್ಡಿಯ ಹಾಗೆ ಒಳಗೆ ಚಟ್ ಎಂದಿತು. ಬಿದ್ದೆ.

ಓಡುವವರು ಬಳಸಿಕೊಂಡು ಹೋದರು. ಅವರನ್ನು ದೂರುವುದಿಲ್ಲ, ನಾನಾಗಿದ್ದರೂ ಗಡಿಯಾರ ನೋಡುತ್ತಿದ್ದೆ. ಕಟ್ಟಡದ ಕೆಲಸದಿಂದ ಒಬ್ಬ ಹೆಂಗಸು ಸಿಮೆಂಟಿನ ಬುಟ್ಟಿ ಕೆಳಗಿಟ್ಟು ಬಂದಳು. ನನ್ನ ಬಾಯಿಂದ ‘ಯವ್ವಾ’ ಎಂದು ಬಂದದ್ದು ಕೇಳಿ ನಮ್ಮ ಕಡೆಯವಳೆಂದು ಗೊತ್ತಾಯಿತಂತೆ. ಹೆಸರು ಬಂಡೆಮ್ಮ, ದೇವದುರ್ಗದ ಕಡೆಯವಳು. ಎಳೆದು ನೆರಳಿಗೆ ಹಾಕಿದಳು, ಸೆರಗು ತೋಯಿಸಿ ತಲೆಗೆ ಸುತ್ತಿದಳು, ತನ್ನ ಬುತ್ತಿಯ ಉಪ್ಪನ್ನು ಚಿಟಿಕೆ ಹಾಕಿ ನೀರು ಕುಡಿಸಿದಳು.

‘ಯಾಕ ಓಡಾಕತ್ತಿದ್ದಿ ಯವ್ವಾ? ಯಾರರೆ ಬೆನ್ನ ಹತ್ತ್ಯಾರೇನು?’ ಅಂದಳು.

ಇಲ್ಲ ಎಂದು ತಲೆಯಾಡಿಸಿದೆ.

‘ಮತ್ತ ಇವರೆಲ್ಲಾರು ಯಾಕ ಓಡಾಕತ್ತಾರ?’

ನಿಮ್ಮ ಆಂಬ್ಯುಲೆನ್ಸು ಬಹುಮಾನ ಕೊಡಲು ಬಂದ ಅತಿಥಿಗಳ ಕಾರುಗಳ ಹಿಂದೆ ಸಿಕ್ಕಿಕೊಂಡಿತ್ತಂತೆ, ನಲವತ್ತು ನಿಮಿಷಕ್ಕೆ ಬಂತು. ಅಷ್ಟು ಹೊತ್ತೂ ಬಂಡೆಮ್ಮ ಮೇಸ್ತ್ರಿಯ ಬೈಗುಳ ತಿನ್ನುತ್ತ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

ಆಸ್ಪತ್ರೆಯಲ್ಲಿ ನೋಡಿದವರು ಡಾಕ್ಟರ್ ಮಂದಾರ, ಬೀದರಿನವರು. ನನ್ನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು, ಅದೂ ನಾಲ್ಕು ಚಮಚದಷ್ಟು. ಮೊದಲು ಕೇಳಿದ ಪ್ರಶ್ನೆಯೇ, ‘ಎಷ್ಟು ಗುಳಿಗಿ ತಗೊಂಡೀರಿ?’

ಹೇಳಿದೆ. ಹದಿನೈದು ದಿನದ್ದನ್ನೂ ಹೇಳಿದೆ. ಬಿಪಿ ಮಾತ್ರೆಯನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

‘ನೋಡ್ರಿ ಅಕ್ಕಾರ, ಮೈಯಾಗ ನೀರು ಕಡಿಮಿ ಆದಾಗ ಕಿಡ್ನಿಗೆ ರಕ್ತಾನೂ ಕಡಿಮಿ ಆಗ್ತೈತಿ. ಆಗ ಅದು ತನ್ನ ನಾಳ ಅಗಲ ಮಾಡ್ಕೊಂಡು ಹೆಂಗೋ ಜೀವಾ ಹಿಡದಿರತೈತಿ. ಈ ಗುಳಿಗಿ ಆ ದಾರೀನs ಮುಚ್ಚತೈತಿ. ಮ್ಯಾಲೆ ನಿಮ್ಮ ಬಿಪಿ ಗುಳಿಗಿ ಬ್ಯಾರೆ. ಬಿಸಲಾಗ ಓಡಿ ಮಾಂಸಖಂಡ ಒಡದು ಬಂದ ಕಸಾನೂ ಅದs ಸೋಸಬೇಕು. ಹೆಂಗ ಸೋಸತೈತಿ?’

ಕಾಲಿನದು ಎಲುಬಿನ ಬಿರುಕು. ಹದಿನೈದು ದಿನಗಳ ಹಿಂದೆ ಕೂದಲೆಳೆಯಷ್ಟಿದ್ದಿರಬೇಕು, ಆಗ ನಿಲ್ಲಿಸಿದ್ದರೆ ಮೂರು ವಾರದ ವಿಶ್ರಾಂತಿ ಸಾಕಿತ್ತು ಎಂದರು. ನೋವು ಅದನ್ನೇ ಹೇಳಲು ಬಂದಿತ್ತು. ಸುದ್ದಿ ತಂದ ಆ ದೂತನನ್ನು ನಾವು ಬಾಗಿಲಲ್ಲೇ ಕೊಂದಿದ್ದೆವು.

ಇನ್ನೆರಡು ದಿನದಲ್ಲಿ ಮೂತ್ರ ಸರಿಯಾಗದಿದ್ದರೆ ಡಯಾಲಿಸಿಸ್ ಎಂದು ನನ್ನ ಗಂಡನಿಗೆ ಹೇಳಿದರು. ಅವರು ಅಂಗಡಿ ಮುಚ್ಚಿ ಬಂದು ಮಂಚದ ಪಕ್ಕ ಕುಳಿತರು. ಬೈಯಲಿಲ್ಲ. ‘ನಾ ಹೇಳಿರಲಿಲ್ಲೇನು’ ಎಂದೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಎಚ್ಚರವಾದಾಗ ಅವರು ಮಂಚದ ಕೆಳಗೆ ತೂಗುಬಿಟ್ಟ ಮೂತ್ರದ ಚೀಲದ ಎದುರು ಕುಕ್ಕರುಗಾಲಿನಲ್ಲಿ ಕುಳಿತು ಮಿಲಿಲೀಟರಿನ ಗೆರೆ ಎಣಿಸುತ್ತಿದ್ದರು.

‘ಆರುನೂರು,’ ಅಂದರು. ‘ಶೈಲಾ, ಆರುನೂರು ಬಂದೈತಿ.’

ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ನಾನು ಹತ್ತಾರು ಬಗೆಯ ಹೋಳಿಗೆ ಮಾಡಿ ಬಡಿಸಿದ್ದೇನೆ. ಯಾವುದನ್ನೂ ಅವರು ಅಷ್ಟು ಪ್ರೀತಿಯಿಂದ ನೋಡಿದ್ದನ್ನು ನಾನು ಕಾಣೆ. ಇಬ್ಬರೂ ಅತ್ತೆವು. ನರ್ಸಮ್ಮ ಬಂದು ಚೀಲ ಖಾಲಿ ಮಾಡಿಕೊಂಡು ಹೋದಳು.

ನನ್ನ ತಪ್ಪನ್ನು ಮುಚ್ಚಿಟ್ಟರೆ ನಿಮಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ, ಆದ್ದರಿಂದ ಇದನ್ನೂ ಹೇಳುತ್ತೇನೆ. ನಮ್ಮ ವಿಭಾಗದಲ್ಲಿ ಪ್ಯಾಕ್ ಆಗುವುದು ಇದೇ ಜಾತಿಯ ಗುಳಿಗೆ. ಪರದೇಶಕ್ಕೆ ಹೋಗುವ ಪ್ರತಿ ಡಬ್ಬಿಯಲ್ಲಿ ಸಣ್ಣಕ್ಷರದ ಒಂದು ಚೀಟಿ ಹಾಕುತ್ತೇವೆ. ಎಂಟು ಮಡಿಕೆ ಸರಿಯಾಗಿ ಬಿದ್ದಿವೆಯೇ ಎಂದು ನೋಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಲಕ್ಷಗಟ್ಟಲೆ ಚೀಟಿಗಳ ಮಡಿಕೆ ನೋಡಿದ್ದೇನೆ, ಒಂದನ್ನೂ ಬಿಚ್ಚಿ ಓದಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಭಾಗ್ಯಶ್ರೀ ನನ್ನನ್ನು ನೋಡಲು ಬಂದಾಗ ಮಡಿಕೆ ತಪ್ಪಿ ಕಸಕ್ಕೆ ಬಿದ್ದಿದ್ದ ಒಂದನ್ನು ತಂದುಕೊಟ್ಟಳು. ಕನ್ನಡಕ ಹಾಕಿಕೊಂಡು ಓದಿದೆ. ಮೂತ್ರಪಿಂಡ, ಹೊಟ್ಟೆಯ ಹುಣ್ಣು, ರಕ್ತದೊತ್ತಡದ ಔಷಧ, ಮೈಯಲ್ಲಿ ನೀರು ಬತ್ತಿರುವಾಗ ತೆಗೆದುಕೊಳ್ಳಬೇಡಿ: ಎಲ್ಲವೂ ಅದರಲ್ಲಿತ್ತು. ನನ್ನ ಕೈಯಿಂದಲೇ ಸಮುದ್ರ ದಾಟಿ ಹೋಗುತ್ತಿತ್ತು. ನಿಮ್ಮ ತಟ್ಟೆಯಲ್ಲಿ ಕತ್ತರಿಸಿಟ್ಟ ತುಂಡುಗಳಿಗೆ ಚೀಟಿಯಿರಲಿ, ಹೆಸರು ಓದಿಕೊಳ್ಳುವಷ್ಟು ತಗಡೂ ಉಳಿದಿರಲಿಲ್ಲ.

ಎರಡು ತಿಂಗಳ ಮೇಲೆ, ಕಾಲಿನ ಪಟ್ಟಿ ಬಿಚ್ಚಿದ ವಾರ, ಗಂಡನೊಡನೆ ಬಂಡೆಮ್ಮನನ್ನು ಹುಡುಕಿಕೊಂಡು ಹೋದೆ. ಸೀರೆ ಕೊಟ್ಟೆ. ಬೇಡವೆನ್ನುತ್ತಲೇ ತೆಗೆದುಕೊಂಡಳು. ನನಗೆ ಏನಾಗಿತ್ತೆಂದು ಕೇಳಿದಳು, ಹೇಳಿದೆ. ಅವಳು ಸೆರಗಿನ ಗಂಟು ಬಿಚ್ಚಿ ತೋರಿಸಿದಳು.

‘ಇದs ಏನು ನೋಡು.’

ಅದೇ. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು. ಮೇಸ್ತ್ರಿಯೇ ಚಹಾದ ಜೊತೆ ಹಂಚುತ್ತಾನಂತೆ. ಮೂರು ವರ್ಷದಿಂದ.

‘ಬಿಡವ್ವಾ ಇದನ್ನ,’ ಅಂದೆ.

‘ನೀ ಓಡೂದು ಬಿಟ್ರ ಮನ್ಯಾಗ ಕುಂದರ್ತಿ. ನಾ ಹೊರೂದು ಬಿಟ್ರ?’ ಅಂದಳು. ಸಿಟ್ಟಿನಿಂದಲ್ಲ, ದಾರಿ ಕೇಳಿದ ಹಾಗೆ.

ಒಂದು ಭಾನುವಾರ ಅವಳನ್ನು ಡಾಕ್ಟರ್ ಮಂದಾರ ಅವರ ಬಳಿ ಕರೆದೊಯ್ದೆ. ರಕ್ತದ ಪರೀಕ್ಷೆ ಬಂತು. ನಾನು ಆಸ್ಪತ್ರೆ ಬಿಟ್ಟ ದಿನದ ನನ್ನ ವರದಿಗಿಂತ ಅವಳದು ಕೆಟ್ಟದಾಗಿತ್ತು. ಅವಳು ಎಂದೂ ಬಿದ್ದಿರಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಗುಳಿಗೆ ನಿಂತಿದೆ. ನನ್ನ ಗಂಡ ಹೋಗಿ ಮೇಸ್ತ್ರಿಯೊಡನೆ ಮಾತಾಡಿದರು. ಮಾತಿನಲ್ಲಿ ಅವರು ಗೆದ್ದ ಅಪರೂಪದ ದಿನಗಳಲ್ಲಿ ಅದೊಂದು. ಈಗ ಅವಳಿಗೆ ಹೊರುವ ಕೆಲಸದ ಬದಲು ಹೊಸ ಗೋಡೆಗಳಿಗೆ ನೀರು ಹೊಡೆಯುವ ಕೆಲಸ. ಕೂಲಿ ತುಸು ಕಡಿಮೆ. ‘ಮಂಡಿ ನೋಯ್ತೈತಿ, ಆದ್ರ ಉಚ್ಚಿ ಬಿಳಿ ಆಗೈತಿ,’ ಎಂದು ಕಳೆದ ವಾರ ಫೋನಿನಲ್ಲಿ ಹೇಳಿದಳು. ಇದಕ್ಕಿಂತ ಒಳ್ಳೆಯ ಸುದ್ದಿ ನಿಮ್ಮ ಬಣ್ಣದ ವರದಿಯಲ್ಲಿ ನನಗೆ ಕಾಣಲಿಲ್ಲ.

ಕೂಲಿಯವರಿಗೆ ಗುಳಿಗೆ ಹಂಚುವ ಮೇಸ್ತ್ರಿಗೂ ನಿಮಗೂ ಏನು ಸಂಬಂಧ ಎನ್ನುತ್ತೀರಾ? ಆತ ಕೆಲಸ ನಿಲ್ಲಬಾರದೆಂದು ಕೊಡುತ್ತಾನೆ, ನೀವು ಓಟ ನಿಲ್ಲಬಾರದೆಂದು ಕೊಡುತ್ತೀರಿ. ಆತನ ಬಳಿ ಪ್ರಾಯೋಜಕರಿಲ್ಲ, ಅಷ್ಟೇ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಮುಂದಿನ ಫೆಬ್ರವರಿಯ ಓಟಕ್ಕೂ ಅದೇ ಪ್ರಾಯೋಜಕರು, ಅದೇ ಕೇಂದ್ರ, ಈ ಸಲ ಐದು ಕಡೆ ಎಂದು ಜಾಹೀರಾತು ನೋಡಿದೆ. ಆ ಮೇಜುಗಳನ್ನು ತೆಗೆಯಿರಿ. ಅಲ್ಲಿ ನೀರು, ಉಪ್ಪು ಸಕ್ಕರೆ, ನೆರಳು ಮತ್ತು ‘ನೋಯುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ’ ಎಂದು ಹೇಳಬಲ್ಲ ಒಬ್ಬ ನಿಜವಾದ ವೈದ್ಯರನ್ನು ಇಡಿ. ಫಾರಂನಲ್ಲಿ ಔಷಧದ ಪ್ರಶ್ನೆಯನ್ನು ಟೀ ಶರ್ಟಿಗಿಂತ ಮೇಲೆ ಹಾಕಿ. ಅತಿಥಿಗಳು ಬರದಿದ್ದರೂ ಐದಕ್ಕೆ ಬಾವುಟ ಬೀಸಿ, ಬೀಸಲು ಯಾರೂ ಸಿಗದಿದ್ದರೆ ನಾನು ಬರುತ್ತೇನೆ. ನಾಲ್ಕನೆಯ ಪುಟದ ಆ ಸಾಲನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದಿ ಪ್ರಕಟಿಸಿ. ನನ್ನ ನೂರ ನಲವತ್ತೊಂದು ಸಾಲುಗಳ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇನ್ನೊಂದು ವಿಷಯ ಉಳಿದಿದೆ. ಆಸ್ಪತ್ರೆಯಿಂದ ಬಂದ ವಾರ ನಿಮ್ಮಿಂದ ಒಂದು ಪದಕ ಮತ್ತು ಪ್ರಮಾಣಪತ್ರ ಬಂದವು: ಎರಡು ಗಂಟೆ ಐವತ್ತೆಂಟು ನಿಮಿಷ, ನಲವತ್ತೈದು ದಾಟಿದ ಮಹಿಳೆಯರಲ್ಲಿ ಹದಿನಾಲ್ಕನೆಯ ಸ್ಥಾನ. ಮೊದಲು ತಲೆ ಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ಆಂಬ್ಯುಲೆನ್ಸು ಆಸ್ಪತ್ರೆಗೆ ಹೋದದ್ದು ನಿಮ್ಮ ಮುಕ್ತಾಯದ ಕಮಾನಿನ ಕೆಳಗಿಂದ. ನನ್ನ ಎದೆಯ ನಂಬರು ಚೀಟಿಯಲ್ಲಿದ್ದ, ವೇಳೆ ಅಳೆಯುವ ಚಿಪ್ ನಾನು ಗುರಿ ಮುಟ್ಟಿದೆನೆಂದು ಸಾರಿಬಿಟ್ಟಿತ್ತು. ಕೊನೆಯ ಒಂದು ಕಿಲೋಮೀಟರನ್ನು ನಾನು ಮಲಗಿಕೊಂಡು, ಸೈರನ್ ಹಾಕಿಸಿಕೊಂಡು ಓಡಿದ್ದೇನೆ.

ಫಲಿತಾಂಶದ ಪಟ್ಟಿಯಲ್ಲಿ ನನ್ನ ಕೆಳಗಿದ್ದವರ ಹೆಸರು ದಾನೇಶ್ವರಿ. ನಮ್ಮ ಕಡೆಯವರೇ ಇರಬೇಕೆಂದು ನಂಬರು ಹುಡುಕಿ ಫೋನು ಮಾಡಿದೆ. ಐವತ್ತೆರಡು ವರ್ಷ, ಶಾಲೆಯ ಮಾಸ್ತರಿಣಿ. ನಿಮ್ಮ ತಟ್ಟೆಯನ್ನು ಬೇಡವೆಂದು ದಾಟಿ ಹೋದವರು. ದಾರಿಯಲ್ಲಿ ಅವರಿಗೂ ಮಂಡಿ ಹಿಡಿದುಕೊಂಡಿತ್ತಂತೆ, ಆಗ ಏನು ಮಾಡಿದಿರಿ ಎಂದು ಕೇಳಿದೆ. ಏನೋ ಗುಟ್ಟಿರಬೇಕೆಂದು ಕಾಗದ ಪೆನ್ನು ಹಿಡಿದೇ ಕುಳಿತಿದ್ದೆ.

‘ಏನ್ ಮಾಡೂದ್ರಿ?’ ಅಂದರು. ‘ನೋವಾತು. ನಡದೆ.’

ಪದಕವನ್ನು ಈ ಪತ್ರದೊಂದಿಗೆ ಕಳಿಸಿದ್ದೇನೆ. ಹದಿನಾಲ್ಕನೆಯ ಸ್ಥಾನ ಅವರದು, ಅವರಿಗೆ ಕೊಡಿ.

ಇಂತಿ,
ವೈದ್ಯರ ಅಪ್ಪಣೆಯ ಮೇರೆಗೆ ಸದ್ಯಕ್ಕೆ ದಿನಕ್ಕೆ ಎರಡು ಕಿಲೋಮೀಟರ್, ಅದೂ ಗಂಡನ ವೇಗದಲ್ಲಿ ನಡೆಯುವ,
ಶೈಲಶ್ರೀ
ಕಾಚಿಗೂಡ, ಹೈದರಾಬಾದ್